ಬುಟ್ಟಿಯಲ್ಲುಳಿದ ರೊಟ್ಟಿ

ಕೊಪ್ಪಳ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಕನೂರು ಬಸ್ಸಿಗೆ ಕಾಯುತ್ತಿದ್ದರು. ಜೋಳದ ರೊಟ್ಟಿ ಬಡಿದು ಮಾರುವವರು. ಆಡಿಟರ್ ಹತ್ತಿರ ಲೆಕ್ಕ ಮಾಡಿಸಿಕೊಂಡು ಬಂದಿದ್ದರು. ಹಿರಿಯಾಕೆಗೆ ಸಿಟ್ಟು ಇಳಿದಿರಲಿಲ್ಲ.

“ಶಿವಲೀಲಾ, ಲಗ್ನದವ್ರು ಕೊಟ್ಟ ಅಡ್ವಾನ್ಸ್ ಸಾಲದ ಕಡಿ ಯಾಕ ಬರದಾರ? ನಾವೇನ್ ಸಾಲ ಕೇಳಿದ್ವೇನು?”

“ರೊಟ್ಟಿ ಕೊಡೋದು ಬಾಕಿ ಐತಲ್ಲ, ಹುಲಿಗೆಮ್ಮಕ್ಕ.”

“ಬಡದು ಬುಟ್ಟಿ ತುಂಬಿ ಇಟ್ಟೀವಿ!”

“ಬುಟ್ಟಿ ನಮ್ಮ ಮನ್ಯಾಗ ಐತಿ. ಅವ್ರು ಒಯ್ದಿಲ್ಲ.”

“ಅವ್ರು ಒಯ್ಯದಿದ್ರ ನಾವು ಸಾಲಗಾರ್ರು ಹೆಂಗ?”

“ರೊಟ್ಟಿ ಕೊಡಬೇಕು, ಇಲ್ಲಾ ರೊಕ್ಕ ತಿರುಗಿ ಕೊಡಬೇಕು. ಅಲ್ಲೀತನ ಸಾಲಾನ ಅಂತ.”

“ಆ ರೊಕ್ಕದಾಗ ಜ್ವಾಳ ತಂದಾಗೈತಿ.”

“ಅದನ್ನೂ ಹೇಳಿದ್ನಿ. ಆದ್ರೂ ಸಾಲಾನ ಅಂದ್ರು.”

“ಮತ್ತ ಯಾವಾಗ ಒಯ್ತಾರಂತ?”

“ಲಗ್ನ ನಿಂತೈತಿ. ಹುಡುಗಿ ಒಲ್ಲೆ ಅಂತ ಕುಂತಾಳ. ಹಿರ್ಯಾರು ಸಮಾಧಾನ ಮಾಡಾಕತ್ತಾರ.”

ಬಸ್ಸು ಬಂತು. ಹಿರಿಯಾಕೆ ಚೀಲ ಎತ್ತಿಕೊಂಡು ಓಡಿದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನಿಂತಳು.

“ಅಂದ್ರ ಅಕಿ ಹೂಂ ಅನ್ನೋತನ ನಮ್ಮ ಸಾಲ ತೀರಂಗಿಲ್ಲ?”

“ಬಸ್ ಹತ್ತು ಮೊದಲ, ಅಕ್ಕ.”

“ಅಲ್ಲ, ಆ ಹುಡುಗಿಗೆ ಇದು ಗೊತ್ತೈತೇನು?”