ಮುಯ್ಯಿ ಹಾಕಿದ ನಕ್ಷತ್ರಗಳು

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತಿರುವ, ರಾಯದುರ್ಗದ ನಮ್ಮ ಸಿದ್ಧ ಉಡುಪು ತಯಾರಕರ ಸಂಘದ ಅಧ್ಯಕ್ಷರಾದ ಸಿದ್ದರಾಮೇಶ್ ಅವರೇ, ಅವರ ಬಲಗಡೆಗಿರುವ ಇಂದಿನ ಸನ್ಮಾನಿತರೂ ವೆಬ್‌ಸೈಟ್ ತಜ್ಞರೂ ಆದ ರಂಗನಾಥ್ ಅವರೇ, ಈ ಸಭಾಭವನಕ್ಕೆ ಜಾಗ ಕೊಟ್ಟ ಹಿಟ್ಟಿನ ಗಿರಣಿಯ ಲಕ್ಷ್ಮೀನರಸಪ್ಪನವರೇ, ಮೆಷಿನ್ ನಿಲ್ಲಿಸಿ ಬಂದಿರುವ ಅಕ್ಕತಂಗಿಯರೇ, ಮಾಲೀಕ ಬಂಧುಗಳೇ, ಸಭಿಕರೇ,

ಯಾರೂ ನಗಬೇಡಿ. ಅಧ್ಯಕ್ಷರು ನನ್ನ ಗಂಡ ಎಂಬುದು ಬಜಾರಿಗೆಲ್ಲ ಗೊತ್ತಿರುವ ವಿಷಯ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಮದುವೆಯಲ್ಲಿ ಒಡಪು ಹೇಳಿಸಿದಾಗ ಒಮ್ಮೆ ಹೇಳಿದ್ದೆ, ಆವತ್ತು ನಾಚಿಕೆಯಿತ್ತು. ಇವತ್ತು ಸಿಟ್ಟಿದೆ, ಅದಕ್ಕೇ ಬಾಯಿಗೆ ಸಲೀಸಾಗಿ ಬಂತು.

ರಂಗನಾಥ್ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಹೆಂಗಸೊಬ್ಬಳು ಮೈಕ್ ಹಿಡಿದರೆ ಫೋಟೋ ಚೆನ್ನಾಗಿ ಬರುತ್ತದೆಯಂತೆ. ಈ ಸನ್ಮಾನ ಮುಗಿದ ಮೇಲೆ ಸಭೆ ಒಂದು ಠರಾವು ಪಾಸು ಮಾಡಲಿದೆ. ನಮ್ಮ ಸಂಘದ ವೆಬ್‌ಸೈಟು ನೋಡಿಕೊಳ್ಳುತ್ತಿದ್ದ ಶಿರಿಷಾ ದ್ವೇಷದಿಂದ ಅದನ್ನು ಹಾಳು ಮಾಡಿದಳು, ಅವಳ ಮೇಲೆ ನಾಳೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಡಬೇಕು ಎಂಬ ಠರಾವು. ಕೆಲಸದಿಂದ ಆಗಲೇ ತೆಗೆದಾಗಿದೆ. ಇವರಿಗೆ ಶಾಲು, ಅವಳಿಗೆ ಸ್ಟೇಷನ್ನು! ಆದ್ದರಿಂದ ನಾನು ಇಬ್ಬರ ಬಗ್ಗೆಯೂ ಮಾತಾಡುತ್ತೇನೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಊಟ ಎಲ್ಲಿಗೂ ಓಡಿಹೋಗುವುದಿಲ್ಲ.

ಶಿರಿಷಾ ಮಡಕಶಿರಾ ಕಡೆಯ ರೊಳ್ಳದ ಹುಡುಗಿ. ತಾಯಿ ಬೊಮ್ಮಕ್ಕ ರೇಷ್ಮೆ ಹುಳು ಸಾಕಿ ಮಗಳನ್ನು ಡಿಗ್ರಿ ಓದಿಸಿದವರು. ಅವಳು ಕೆಲಸಕ್ಕೆ ಬಂದಾಗ ನಮ್ಮ ವೆಬ್‌ಸೈಟಿನಲ್ಲಿ ಏನಿತ್ತು? ಅಧ್ಯಕ್ಷರ ಫೋಟೋ ಇತ್ತು. ಕಾರ್ಯದರ್ಶಿಗಳ ಫೋಟೋ ಇತ್ತು. ಬೆಟ್ಟದ ಮೇಲಿನ ಕೋಟೆಯ ಫೋಟೋ ಇತ್ತು. ಪ್ಯಾಂಟು ಮಾತ್ರ ಇರಲಿಲ್ಲ. ಅವಳು ಒಂದೊಂದು ಘಟಕಕ್ಕೂ ಹೋಗಿ ಕುಳಿತು, “ಅಕ್ಕಾ, ಗಿರಾಕಿ ಫೋನ್ ಮಾಡ್ದಾಗ ಮೊದ್ಲು ಏನ್ ಕೇಳ್ತಾರೆ?” ಎಂದು ವಿಚಾರಿಸಿದಳು. ಅವರು ಏನು ಕೇಳುತ್ತಾರೋ ಅದಕ್ಕೆ ಉತ್ತರ ಬರೆದಳು. ಅಷ್ಟೇ. ಅವಳು ಮಾಡಿದ ಮಾಟ ಮಂತ್ರ ಅಷ್ಟೇ.

ನನ್ನ ಘಟಕದ್ದನ್ನೇ ಹೇಳುತ್ತೇನೆ. ಬೇರೆಯವರ ಲೇಬಲ್ಲಿಗೆ ಜೀನ್ಸ್ ಹೊಲಿಯುವುದರ ಜೊತೆಗೆ ನಾನು ಒಂದು ಕಾಲು ಗಿಡ್ಡ ಇರುವವರಿಗೆ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವವರಿಗೆ ಅಳತೆಯ ಪ್ಯಾಂಟು ಹೊಲಿಯುತ್ತೇನೆ. ನನ್ನ ಅಣ್ಣ ಚೌಡೇಶನಿಗೆ ಪೋಲಿಯೋ ಆಗಿತ್ತು. ಇರುವಷ್ಟು ದಿನವೂ ಪಂಚೆಯಲ್ಲೇ ಇದ್ದ. ಬಜಾರಿನ ತುಂಬ ಪ್ಯಾಂಟು ಹೊಲಿಯುವ ಊರಿನಲ್ಲಿ ಅವನ ಕಾಲಿಗೊಂದು ಪ್ಯಾಂಟು ಆಗಲಿಲ್ಲ. “ನೀ ಕಲ್ತು ಹೊಲಿದು ಕೊಡವಾ” ಎನ್ನುತ್ತಿದ್ದ. ನಾನು ಕಲಿಯುವ ಹೊತ್ತಿಗೆ ಅವನು... ಇರಲಿ. ನಾನು ಹೇಳಲು ಹೊರಟಿದ್ದು ವೆಬ್‌ಸೈಟಿನ ವಿಷಯ.

ಆ ಪ್ಯಾಂಟಿಗೆ ಶಿರಿಷಾ ಒಂದು ಪುಟ ಮಾಡಿದಳು. ಎರಡೂ ಕಾಲನ್ನು ಬೇರೆ ಬೇರೆ ಹೇಗೆ ಅಳೆಯಬೇಕು, ಕುಳಿತು ಅಳೆಯಬೇಕೋ ನಿಂತೋ, ಅಳತೆ ಯಾವ ನಂಬರಿಗೆ ಕಳಿಸಬೇಕು, ಎಲ್ಲವೂ ಕನ್ನಡದಲ್ಲಿ, ತೆಲುಗಿನಲ್ಲಿ. “ನಂಬರ್ ಒನ್” ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಭೈರವಾನಿತಿಪ್ಪದ ತಿಪ್ಪೇರುದ್ರಪ್ಪ ಎಂಬುವರು ಫೋನ್ ಮಾಡಿದರು. “ಅಕ್ಕಾರ, ಒಂದು ಕಾಲು ಗಿಡ್ಡ ಇದ್ದೋರಿಗೆ ಪ್ಯಾಂಟು ಎಲ್ಲಿ ಹೊಲೀತಾರ ಅಂತ ಫೋನಿನ್ಯಾಗ ಕೇಳಿದ್ನಿರಿ. ನಿಮ್ಮ ಹೆಸರು ಬಂತ್ರಿ” ಎಂದರು. ಆ ಪ್ಯಾಂಟು ಹಾಕಿಕೊಂಡು ಮಗಳ ಮದುವೆಯಲ್ಲಿ ಓಡಾಡಿದರು. ಅವರು ಹೇಳಿ ಇನ್ನೊಬ್ಬರು ಬಂದರು, ಫೋನಿನಲ್ಲಿ ಹುಡುಕಿ ಮತ್ತೊಬ್ಬರು ಬಂದರು. ಆ ಪುಟಕ್ಕೆ ನಾವು ಯಾರಿಗೂ ಏನೂ ಕಟ್ಟಿರಲಿಲ್ಲ.

ಆಮೇಲೆ ರಂಗನಾಥ್ ಅವರು ದಯಮಾಡಿಸಿದರು. ಗೂಗಲ್‌ನಲ್ಲಿ ಮೊದಲ ಸ್ಥಾನ, ಬರೆದುಕೊಡುತ್ತೇನೆ, ಗ್ಯಾರಂಟಿ ಎಂದರು. ಸ್ವಾಮೀ, ಮುಂಚಿತವಾಗಿ ಟವೆಲ್ ಹಾಕಿಡಲು ಅದೇನು ಕಲ್ಯಾಣದುರ್ಗದ ಬಸ್ಸಿನ ಸೀಟೇ? ದುಡ್ಡು ಕಟ್ಟಿದರೆ ಜಾಹೀರಾತು ಬರುತ್ತದೆ, ಅದರ ನೆತ್ತಿಯ ಮೇಲೆ ಜಾಹೀರಾತು ಎಂದು ಬರೆದೇ ಇರುತ್ತದೆ. ಉಳಿದ ಸಾಲುಗಳು ದುಡ್ಡಿಗೆ ಬರುವುದಿಲ್ಲ, ಅಲ್ಲಿ ಮೊದಲ ಜಾಗ ಕೊಡಿಸುತ್ತೇನೆಂದು ಭಾಷೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಈ ಮಾತನ್ನು ಶಿರಿಷಾ ಹೇಳಿದಾಗ “ಸಣ್ಣ ಹುಡುಗಿ” ಎಂದಿರಿ. ಈಗ ತಲೆ ನೆರೆತವಳು ಹೇಳುತ್ತಿದ್ದೇನೆ, ಕೇಳಿ.

ಅವರು ಮಾಡಿದ ಮೊದಲ ಕೆಲಸವೆಂದರೆ ನನ್ನ ಪುಟ ಕಿತ್ತು ಹಾಕಿದ್ದು. ಅಧ್ಯಕ್ಷರು ಮನೆಯಲ್ಲಿ ಊಟಕ್ಕೆ ಕುಳಿತು, “ಕುಂಟರ ಪ್ಯಾಂಟು ಮುಂದ ಇಟ್ರ ಸಂಘಕ್ಕ ಏನ್ ಕಳೆ ಬರ್ತತಿ?” ಎಂದರು. ಆವತ್ತಿನಿಂದ ನಮ್ಮ ಮನೆಯಲ್ಲಿ “ಊಟಕ್ಕ ಬರ್ರಿ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅಯ್ಯೋ, ಅದು ಮನೆಯ ವಿಷಯ, ಇಲ್ಲಿ ಬೇಡ.

ಪುಟದ ಜಾಗದಲ್ಲಿ ಏನು ಬಂತು? ಬೆಸ್ಟ್ ಜೀನ್ಸ್, ಚೀಪ್ ಜೀನ್ಸ್, ರಾಯದುರ್ಗ ಜೀನ್ಸ್, ಮತ್ತೆ ಬೆಸ್ಟ್ ಜೀನ್ಸ್. ಓದಿದವರಿಗೆ ತಲೆ ಗಿಮ್ಮೆನ್ನಬೇಕು. ಮಾತು ಹೆಚ್ಚಿದಷ್ಟೂ ಮೇಲೆ ಹೋಗುತ್ತೇವಂತೆ! ಅದೂ ಸಾಲದೆ ಕಂಡಕಂಡ ಊರುಗಳ ಹೆಸರನ್ನೆಲ್ಲ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ತುಂಬಿದರು. ಮನುಷ್ಯರಿಗೆ ಕಾಣದು, ಗೂಗಲ್ಲಿಗೆ ಕಾಣುತ್ತದೆ ಎಂದರು. ನಾವು ಹೊಲಿಯುವವರು, ಸಭಿಕರೇ. ಬಟ್ಟೆಯ ಬಣ್ಣದ್ದೇ ದಾರ ಹಾಕಿ ತೇಪೆ ಹಚ್ಚಿದರೆ ಗಿರಾಕಿಗೆ ಕಾಣದಿರಬಹುದು, ಚೆಕಿಂಗ್ ಟೇಬಲ್ಲಿನ ಬನಶಂಕರಮ್ಮನ ಬೆರಳಿಗೆ ಸಿಗದೆ ಇರುತ್ತದೆಯೇ? ಅಲ್ಲೂ ಹಾಗೆ ಬೆರಳಾಡಿಸಿ ನೋಡುವವರಿದ್ದಾರೆ.

ಇನ್ನು ಬೆಳಗಿನ ಪೂಜೆ. ಮೆಷಿನ್ನಿಗೆ ಊದಿನಕಡ್ಡಿ ಬೆಳಗಿದ ಮೇಲೆ ಎಲ್ಲ ಘಟಕದವರೂ ಫೋನ್ ತೆಗೆದು ಗೂಗಲ್‌ನಲ್ಲಿ ಸಂಘದ ಹೆಸರು ಹೊಡೆದು ವೆಬ್‌ಸೈಟನ್ನು ಒಮ್ಮೆ ಒತ್ತಬೇಕು ಎಂಬ ಅಪ್ಪಣೆ. ಒತ್ತಿದೆವು. ಕಣ್ಣಿಗೊತ್ತಿಕೊಂಡು ಒತ್ತಿದವರೂ ಇದ್ದಾರೆ. ಹೆಸರು ಪೂರ್ತಿ ಹೊಡೆದರೆ ನಮ್ಮದು ಮೊದಲು ಬರದೆ ಇನ್ನು ಯಾರದು ಬರಬೇಕು? ದಿನಾ ನೋಡುವುದು ಯಾವುದೆಂದು ನಮ್ಮ ಫೋನಿಗೂ ಗೊತ್ತಾಗಿ ಅದನ್ನೇ ಎತ್ತಿ ತೋರಿಸುತ್ತದೆ. ಮನೆಯಲ್ಲಿ ನಾವೇ ದೊಡ್ಡವರು ಅಂದುಕೊಂಡ ಹಾಗೆ. ಹಿರಿಯೂರಿನ ಬಟ್ಟೆ ವ್ಯಾಪಾರಿ ನಮ್ಮ ಹೆಸರು ಗೊತ್ತಿಲ್ಲದೆ “ಜೀನ್ಸ್ ಹೋಲ್‌ಸೇಲ್” ಎಂದು ಹುಡುಕಿದಾಗ ಬಂದರಲ್ಲವೇ ಬಂದಂತೆ? ಅದನ್ನು ಯಾರಾದರೂ ನೋಡಿದಿರಾ?

ಈಗ ಮುಯ್ಯಿಯ ವಿಷಯಕ್ಕೆ ಬರುತ್ತೇನೆ. ಮದುವೆಯಲ್ಲಿ ಅವರು ನಮಗೆ ಉಡುಗೊರೆ ಓದಿಸಿದರೆ ನಾವು ಅವರಿಗೆ ಓದಿಸಬೇಕು. ತೆಲುಗಿನಲ್ಲಿ ಚದಿವಿಂಪು ಅನ್ನುತ್ತೇವೆ. ಒಳ್ಳೆಯ ರೂಢಿ, ಕಷ್ಟಕಾಲಕ್ಕೆ ಆಗಿಬಂದ ರೂಢಿ. ಅದನ್ನು ತಂದು ಇದಕ್ಕೆ ಹಚ್ಚಿದಿರಿ. ನೀನು ಗೂಗಲ್‌ನಲ್ಲಿ ನನ್ನ ಅಂಗಡಿಗೆ ಐದು ನಕ್ಷತ್ರ ಹಾಕು, ನಾನು ನಿನ್ನ ಅಂಗಡಿಗೆ ಹಾಕುತ್ತೇನೆ. ಹಾಕದವನು ಮುಯ್ಯಿ ತೀರಿಸದವನು, ಎದುರಿಗೆ ಸಿಕ್ಕರೆ ಮುಖ ತಿರುಗಿಸುವುದು! ಏನು ಬರೆಯಬೇಕೆಂಬುದನ್ನೂ ರಂಗನಾಥ್ ಅವರೇ ವಾಟ್ಸಾಪಿಗೆ ಕಳಿಸಿದರು. ಒಂದೇ ವಾರದಲ್ಲಿ ಇಡೀ ಬಜಾರು ಅದನ್ನೇ ಅಂಟಿಸಿತು. ಲಕ್ಷ್ಮೀನರಸಪ್ಪನವರೇ, ತಾವು ಹಿರಿಯರು, ಬೇಸರ ಮಾಡಿಕೊಳ್ಳಬೇಡಿ. ತಮ್ಮ ಹಿಟ್ಟಿನ ಗಿರಣಿಗೆ ಏನು ಬರೆದಿದ್ದರು ಗೊತ್ತೇ? “ಜಿಪ್ ಬಹಳ ಗಟ್ಟಿ, ಒಗೆದರೂ ಬಣ್ಣ ಹೋಗಲಿಲ್ಲ.”

ನಗಿ, ಈಗ ನಗಿ. ಆಮೇಲೆ ಆದದ್ದಕ್ಕೆ ನಗು ಬರುವುದಿಲ್ಲ. ಗೂಗಲ್‌ನವರು ನಕ್ಷತ್ರಗಳನ್ನೆಲ್ಲ ತೆಗೆದುಹಾಕಿದರು. ಸುಳ್ಳಿನವು ಹೋದವು, ಅವುಗಳ ಜೊತೆ ನಿಜವಾದ ಗಿರಾಕಿಗಳು ಬರೆದವೂ ಹೋದವು. ಮ್ಯಾಪಿನಿಂದ ಸಂಘದ ಹೆಸರೇ ಎದ್ದು ಹೋಯಿತು. ಮೊನ್ನೆ ತಿಪ್ಪೇರುದ್ರಪ್ಪನವರು ಮತ್ತೊಂದು ಪ್ಯಾಂಟಿಗಾಗಿ ಹುಡುಕಿ ಹುಡುಕಿ ಸಾಕಾಗಿ ಹಳೆಯ ನಂಬರಿಗೆ ಫೋನ್ ಮಾಡಿದರು. “ಯಾಕ್ರಿ ಅಕ್ಕಾರ, ಅಂಗಡಿ ಮುಚ್ಚಿದ್ರೇನು?” ಎಂದರು. ನಂಬರಿದ್ದವರು ಕೇಳಿದರು. ನಂಬರಿಲ್ಲದವರು ಸುಮ್ಮನೆ ಪಂಚೆ ಉಟ್ಟುಕೊಂಡು ಕುಳಿತಿರುತ್ತಾರೆ, ನನ್ನ ಅಣ್ಣ ಕುಳಿತ ಹಾಗೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ತಪ್ಪು ಯಾರದು ಎಂಬ ಪ್ರಶ್ನೆ ಬಂದಾಗ ರಂಗನಾಥ್ ಅವರು ಶಿರಿಷಾಳ ಕಡೆ ಬೆರಳು ತೋರಿಸಿದರು. ಪಾಸ್‌ವರ್ಡ್ ಅವಳ ಹತ್ತಿರವೂ ಇತ್ತಂತೆ, ನಕ್ಷತ್ರ ಹಾಕಲು ಒಪ್ಪದವಳು ಅವಳೊಬ್ಬಳೇ ಅಂತೆ, ಆದ್ದರಿಂದ ಅವಳದೇ ಕೈವಾಡವಂತೆ. ನೀವೆಲ್ಲ ತಲೆಯಾಡಿಸಿದಿರಿ. ಅವಳ ತಾಯಿ ನನಗೆ ಫೋನ್ ಮಾಡಿ ಅತ್ತರು. “ಅಮ್ಮಾ, ಪೊಲೀಸ್ನೋರು ಬತ್ತಾರೆ ಅಂತಾವ್ರೆ. ನನ್ ಮಗ್ಳು ಏನಾರ ಕದ್ದವ್ಳಾ? ಗಂಡಿನ ಕಡೆಯೋರು ಬಂದು ನೋಡ್ಕಂಡ್ ಹೋಗವ್ರೆ, ಅವ್ರ ಕಿವಿಗೆ ಬಿದ್ರೆ ಏನಮ್ಮಾ ಗತಿ?” ಎಂದರು. ಆ ತಾಯಿಗೆ ನಾನು ಏನು ಹೇಳಲಿ? ನಮ್ಮ ಯಜಮಾನರ ಫೋನಿನಲ್ಲಿ ನಮ್ಮ ಹೆಸರು ಮೊದಲು ಬರಬೇಕಾಗಿತ್ತು, ಅದಕ್ಕೆ ನಿಮ್ಮ ಮಗಳು ಬಲಿ ಎನ್ನಲೇ?

ಅಧ್ಯಕ್ಷರೇ, ಕೈಗಡಿಯಾರ ನೋಡಿಕೊಳ್ಳಬೇಡಿ, ಮುಗಿಸುತ್ತಿದ್ದೇನೆ. ಈ ಒಂದು ಮಾತು ಸಭೆಗೆ ಗೊತ್ತಿಲ್ಲ. ಮುಯ್ಯಿ ಶುರುವಾಗುವ ಮುಂಚೆ ಶಿರಿಷಾ ನಮ್ಮ ಮನೆಗೆ ಬಂದಿದ್ದಳು. ನೀವು ಪಡಸಾಲೆಯಲ್ಲಿದ್ದಿರಿ. “ಸಾರ್, ಎಲ್ರೂ ಒಂದೇ ಮಾತು ಬರೆದ್ರೆ ಗೂಗಲ್ನೋರಿಗೆ ಗೊತ್ತಾಗ್ತದೆ, ಎಲ್ಲಾ ತೆಗೆದಾಕ್ತಾರೆ, ಸಂಘದ ಹೆಸ್ರೂ ಹೋಗ್ತದೆ. ಬ್ಯಾಡ ಸಾರ್” ಎಂದು ಕೈಮುಗಿದಳು. ನೀವು, “ನೀ ಸುಮ್ಕಿರವಾ, ದೊಡ್ಡೋರು ನೋಡ್ಕೊಂತಾರ” ಎಂದಿರಿ. ಆಗ ಚಹಾ ತಂದುಕೊಟ್ಟವಳು ನಾನು. ಹುಡುಗಿ ಕುಡಿಯದೆ ಹೋದ ಲೋಟ ಎತ್ತಿಟ್ಟವಳೂ ನಾನೇ. ಅವಳು ನಿರಪರಾಧಿ ಎಂಬುದು ಈ ಊರಿನಲ್ಲಿ ಇಬ್ಬರಿಗೆ ಗೊತ್ತು. ಒಬ್ಬರು ಕುರ್ಚಿಯಲ್ಲಿದ್ದಾರೆ, ಒಬ್ಬಳು ಮೈಕ್ ಮುಂದೆ ಇದ್ದಾಳೆ.

ಠರಾವು ಪಾಸು ಮಾಡುವುದಾದರೆ ಮಾಡಿ. ನಾಳೆ ಸ್ಟೇಷನ್ನಿಗೆ ಹೋಗುವಾಗ ನನ್ನನ್ನೂ ಕರೆಯಿರಿ. ಮನೆಯಲ್ಲಿರುವುದು ಒಂದೇ ಗಾಡಿ, ನಿಮ್ಮ ಹಿಂದೆಯೇ ಕೂರುತ್ತೇನೆ. ನೀವು ಅವಳ ಮೇಲೆ ದೂರು ಬರೆದುಕೊಡಿ, ಪಕ್ಕದ ಕುರ್ಚಿಯಲ್ಲಿ ಕುಳಿತು ನಾನು ನಿಮ್ಮ ಮೇಲೆ ಸಾಕ್ಷಿ ಬರೆದುಕೊಡುತ್ತೇನೆ.

ಅಧ್ಯಕ್ಷರು ಕಣ್ಸನ್ನೆ ಮಾಡಿದರೂ ಮೈಕ್ ಆರಿಸದೆ ನಿಂತ ಸೌಂಡ್ ಸೆಟ್ಟಿನ ಹುಡುಗ ತಿರುಪತಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲರಿಗೆ ನನ್ನ ವಂದನೆಗಳು. ನಮಸ್ಕಾರ.