ಪಂಚಾಕ್ಷರಪ್ಪನವರ ಕಪ್ಪು ಗ್ರೀಸ್

ಸಾವಿರದೊಂಬೈನೂರ ತೊಂಬತ್ನಾಲ್ಕರ ಮಳೆಗಾಲದಲ್ಲಿ ಶಿಕಾರಿಪುರದ ಪೇಟೆಯಲ್ಲಿ ಒಂದು ಗಂಭೀರ ಘಟನೆ ನಡೆಯಿತು. ಬಸ್‌ಸ್ಟ್ಯಾಂಡ್ ರಸ್ತೆಯ ಆಟೋಮೊಬೈಲ್ ಅಂಗಡಿಯೊಂದರಲ್ಲಿ, ಮುಂದಿನ ಹಲಗೆಯ ಮೇಲಿದ್ದ ಒಂದು ಡಬ್ಬಿ ಗ್ರೀಸನ್ನು ಮಾಲೀಕರು ದೇವರ ಪಟದ ಹಿಂದಕ್ಕೆ ಸ್ಥಳಾಂತರಿಸಿದರು. ಯಾವ ಪತ್ರಿಕೆಯೂ ಇದನ್ನು ವರದಿ ಮಾಡಲಿಲ್ಲ. ಪೊಲೀಸರು ಬರಲಿಲ್ಲ. ವ್ಯಾಪಾರ ಎಂದಿನಂತೆ ನಡೆಯಿತು.

ಮಾಲೀಕ ನಾಗರಾಜ ನನ್ನ ಚಿಕ್ಕಪ್ಪನ ಮಗ. ಮುಂದಿನದೆಲ್ಲ ಅವನಿಗೆ ಆದದ್ದು. ಅವನು ನನಗೆ ಹೇಳಿದ್ದು ಕರೆಂಟು ಹೋದ ಒಂದು ರಾತ್ರಿ, ಹಿತ್ತಿಲ ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡಿ ಬಂದ ಮೇಲೆ. ನಾನು ಏನನ್ನೂ ಸೇರಿಸಿಲ್ಲ.

ನಾಗರಾಜನ ಸೋದರಮಾವ ಪಂಚಾಕ್ಷರಪ್ಪನವರು ಮದುವೆಯಾಗಿರಲಿಲ್ಲ. ಅವರ ಬಳಿ ಒಂದು ಜರ್ಮನಿಯ ಮೋಟರ್ ಸೈಕಲ್ ಇತ್ತು. ಒಂದು ಇದ್ದುದರಿಂದ ಇನ್ನೊಂದು ಆಗಲಿಲ್ಲ ಎಂದು ಮನೆಯ ಹೆಂಗಸರು ಹೇಳುತ್ತಿದ್ದರು. ಎಸ್ಟೇಟಿನ ಹರಾಜಿನಲ್ಲಿ ಹಿಡಿದ ಹಳೆಯ ಗಾಡಿ. ಅದಕ್ಕೆ ಚೈನಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಒಂದು ಉಕ್ಕಿನ ದಂಡ ಹೋಗುತ್ತದೆ, ಪೇಟೆಯವರು ಶಾಫ್ಟ್ ಅನ್ನುತ್ತಾರೆ. ಅದರ ಕೊನೆಯಲ್ಲಿ ಒಂದು ಸುತ್ತು ಹಲ್ಲು, ಚಕ್ರದ ನಡುವೆ ಇನ್ನೊಂದು ಸುತ್ತು. ಎರಡೂ ಒಂದರೊಳಗೊಂದು ಕೂತರೆ ಗಾಡಿ ಓಡುತ್ತದೆ.

ಕೂತ ಹಲ್ಲುಗಳು ಸುಮ್ಮನೆ ಕೂರುವುದಿಲ್ಲ. ಒಂದನ್ನೊಂದು ಕೂದಲೆಳೆಯಷ್ಟು ಉಜ್ಜುತ್ತಿರುತ್ತವೆ. ಅಲ್ಲಿಗೆ ಯಾವ ಗ್ರೀಸ್ ಎಂಬುದೇ ಪ್ರಶ್ನೆ. ಟ್ರ್ಯಾಕ್ಟರಿಗೆ, ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಅಲ್ಲಿ ನಿಲ್ಲುವುದಿಲ್ಲ. ಬ್ರೇಕಿನ ಕಾವಿಗೆ ಇಳಿದು, ಚಕ್ರದ ರಭಸಕ್ಕೆ ಸಿಡಿದುಹೋಗುತ್ತದೆ. ಆಮೇಲೆ ಹಲ್ಲು ಒಣಗುತ್ತದೆ, ಕೆಂಪು ಪುಡಿ ಬರುತ್ತದೆ. ಕ್ಲಚ್ ಬಿಟ್ಟಾಗ ‘ಕಟಕ್’ ಅನ್ನುತ್ತದೆ. ಕೊನೆಗೊಂದು ದಿನ ‘ಗರ್ರ್...’ ಎಂದು ಎಂಜಿನ್ ಓಡುತ್ತದೆ, ಗಾಡಿ ಓಡುವುದಿಲ್ಲ. ಅಲ್ಲಿಗೆ ಬೇಕಾದದ್ದು ಮಾಲಿಬ್ಡಿನಂ ಎಂಬ ಕಪ್ಪು ಪುಡಿ ಕಲಸಿದ ಗ್ರೀಸ್. ಎಣ್ಣೆ ಹಿಂಡಿಹೋದರೂ ಪುಡಿ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಹುಬ್ಬಳ್ಳಿಯಿಂದ ತರಿಸಬೇಕು. ತೆಳ್ಳಗೆ ಹಚ್ಚಬೇಕು, ಹೆಚ್ಚಾದರೆ ಬ್ರೇಕಿಗೆ ಇಳಿಯುತ್ತದೆ.

ಈ ವಿಷಯ ಶಿಕಾರಿಪುರ, ಸೊರಬ ಎರಡೂ ತಾಲೂಕಿನಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಪಂಚಾಕ್ಷರಪ್ಪನವರು. ಇನ್ನೊಬ್ಬ ನಾಗರಾಜ, ಚಡ್ಡಿ ಹಾಕುವ ವಯಸ್ಸಿನಿಂದ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದವನು. ಮಾವ ಬಾಯಲ್ಲಿ ಬಟ್ಟೆಯ ಚೂರು ಕಚ್ಚಿಕೊಂಡು, ಹಳೆಯ ಗ್ರೀಸನ್ನು ಕೆರೆದು ಮುತ್ತುಗದ ಎಲೆಯ ಮೇಲೆ ಹಾಕುತ್ತಿದ್ದರು. ನೆಲಕ್ಕೆ ಒಂದು ಹನಿ ಬೀಳಬಾರದು. ನಾಗರಾಜ ಕೈ ಚಾಚಿದರೆ ಬಟ್ಟೆ ಕಚ್ಚಿದ ಬಾಯಿಂದಲೇ ಹೇಳುತ್ತಿದ್ದರು, “ಮುಟ್ಟಬ್ಯಾಡ. ಡಬ್ಬಿ ಕೊಡು.”

ಇಷ್ಟು ವರ್ಷ ಡಬ್ಬಿ ಕೊಟ್ಟವನಿಗೆ ಗಾಡಿಯೂ ಸಿಗುತ್ತದೆ ಎಂದು ನಾಗರಾಜ ತಿಳಿದಿದ್ದ. ಸಾಯುವ ಮೊದಲು ಪಂಚಾಕ್ಷರಪ್ಪನವರು ಎಲ್ಲರ ಎದುರಿಗೆ ಹೇಳಿದ್ದು ಬೇರೆ. “ಗಾಡಿ ಕೊಟ್ರೇಶನಿಗೆ ಇರ್ಲಿ. ಅವ ಅದಕ್ಕೆ ಕೈ ಹಾಕಂಗಿಲ್ಲ.”

ಕೊಟ್ರೇಶ ನಾಗರಾಜನ ತಂಗಿ ಮಾಲಾಳ ಗಂಡ. ಬಂದಳಿಕೆಯಿಂದ ಸೊರಬದ ಕಡೆಗೆ ಹೋಗುವಾಗ ಸಿಗುವ ಒಂದು ಊರಿನವನು. ಊರಿನ ಹೆಸರು ಬೇಡ, ಅಲ್ಲಿ ಇನ್ನೂ ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದಾರೆ. ಒಳ್ಳೆಯ ಮನುಷ್ಯ. ಪೆಟ್ರೋಲ್ ಎಲ್ಲಿ ಹಾಕಬೇಕು ಎಂಬುದು ಅವನಿಗೆ ಗೊತ್ತಿತ್ತು, ಅಲ್ಲಿಗೆ ಗಾಡಿಯ ಜ್ಞಾನ ಮುಗಿಯುತ್ತಿತ್ತು.

ತನಗೆ ಹೊಟ್ಟೆಕಿಚ್ಚಿಲ್ಲ ಎಂದು ನಾಗರಾಜ ಎಲ್ಲರಿಗೂ ಹೇಳಿದ. ಕೇಳದವರಿಗೂ ಹೇಳಿದ. ಕೊಟ್ರೇಶ ಪೇಟೆಗೆ ಬಂದಾಗ ಗಾಡಿಯ ಸದ್ದು ಮೂರು ಅಂಗಡಿ ಆಚೆಯಿಂದಲೇ ಇವನಿಗೆ ತಿಳಿಯುತ್ತಿತ್ತು. ಚೈನಿನ ಕಿಚಿಕಿಚಿ ಇಲ್ಲ, ಬರೀ ‘ಡುಬ್... ಡುಬ್... ಡುಬ್...’ ಆಗ ನಾಗರಾಜ ಗಿರಾಕಿಗೆ ಚಿಲ್ಲರೆ ತಪ್ಪಾಗಿ ಕೊಡುತ್ತಿದ್ದ. ಅವನದೂ ಒಂದು ಗಾಡಿ ಇತ್ತು. ಚೈನಿನದು.

ಒಂದು ದಿನ ಕೊಟ್ರೇಶ ಅಂಗಡಿಯ ಮುಂದೆ ನಿಲ್ಲಿಸಿದ.

“ಏನ್ರೀ ಭಾವ, ಹಿಂದಿನ ಚಕ್ರಕ್ಕೆ ಎಂಥದೋ ಗ್ರೀಸ್ ಹಾಕ್ಬೇಕಂತಲ್ಲ? ಮಾವ ಹಾಕ್ತಿದ್ರಂತೆ. ನಿಮ್ಗೆ ಗೊತ್ತಿರ್ತದೆ ಅಂದ್ಳು ಮಾಲಾ.”

“ಗೊತ್ತು,” ಅಂದ ನಾಗರಾಜ. ಕಪ್ಪು ಡಬ್ಬಿ ಕೊಟ್ರೇಶನ ಮೂಗಿನ ಮುಂದಿನ ಹಲಗೆಯಲ್ಲೇ ಇತ್ತು. ನಾಗರಾಜ ಬಗ್ಗಿ, ಕೆಳಗಿನಿಂದ ಹಳದಿ ಗ್ರೀಸಿನ ಡಬ್ಬಿ ತೆಗೆದು ಕಾಗದದಲ್ಲಿ ಸುತ್ತಿದ. “ಇದನ್ನ ಧಾರಾಳ ಹಚ್ರಿ. ದುಡ್ಡು ಬ್ಯಾಡ. ಬೀಗರ ಹತ್ರ ತಗಳಕ್ಕಾಗ್ತದೇನ್ರೀ?”

ಕೊಟ್ರೇಶ ಹೋದ ಮೇಲೆ ಕಪ್ಪು ಡಬ್ಬಿ ದೇವರ ಪಟದ ಹಿಂದೆ ಹೋಯಿತು. ಮೊದಲು ಹೇಳಿದ ಘಟನೆ ಇದು.

ಆಮೇಲೆ ನಾಗರಾಜ ಕಾದ. ಮಳೆ ಜೋರಾಯಿತು, ರಸ್ತೆ ಕೆಸರಾಯಿತು. ಹಳದಿ ಗ್ರೀಸಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಗಾಡಿ ಪ್ರತಿ ಸಂತೆಗೂ ಬಂತು, ಹೋಯಿತು. ‘ಕಟಕ್’ ಎಂಬ ಸದ್ದಿಗಾಗಿ ನಾಗರಾಜ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ತಂಗಿಯ ಗಂಡನನ್ನು ಎಷ್ಟು ಪ್ರೀತಿಯಿಂದ ಬೀಳ್ಕೊಡುತ್ತಾನೆ ಎಂದು ಎದುರಂಗಡಿಯ ರಾಜಪ್ಪ ಮೆಚ್ಚಿಕೊಂಡ.

“ಹೆಂಗೈತ್ರೀ ಗ್ರೀಸು?” ಎಂದು ನಾಗರಾಜ ಒಮ್ಮೆ ಕೇಳಿಯೇಬಿಟ್ಟ.

“ಬೆಣ್ಣೆ ಬೆಣ್ಣೆ, ಭಾವ!” ಅಂದ ಕೊಟ್ರೇಶ.

ಅಂದು ರಾತ್ರಿ ನಾಗರಾಜ ಊಟ ಮಾಡಲಿಲ್ಲ.

ಮಳೆ ಇಳಿಯುವ ಹೊತ್ತಿಗೆ ಕೊಟ್ರೇಶ ಮತ್ತೊಂದು ಸುದ್ದಿ ತಂದ. ಮಾಲಾಗೆ ದಿನ ತುಂಬಿವೆ. ಚೊಚ್ಚಲು ತವರಲ್ಲಾಗಿತ್ತು, ಎರಡನೆಯದು ಗಂಡನ ಮನೆಯಲ್ಲಿ. “ಬಸ್ಸು ನಂಬಂಗಿಲ್ಲ ನೋಡ್ರಿ. ನೋವು ಬಂತು ಅಂದ್ರೆ ಇದರ ಮ್ಯಾಲೇ ಸೊರಬದ ಆಸ್ಪತ್ರೆಗೆ. ಹಿಂದೆ ಅವ್ವ ಹಿಡ್ಕಂಡ್ ಕೂರ್ತಾಳೆ. ಮಾವನ ಗಾಡಿ, ಯಾವತ್ತೂ ಕೈ ಕೊಟ್ಟಿಲ್ಲ.”

ನಾಗರಾಜ ಹೂಂ ಅಂದ. ಗಾಡಿ ಹೋಯಿತು. ಮೂರು ಜನದ ಭಾರ, ಕೆಸರು ರಸ್ತೆ, ನಡುವೆ ಕಾಡು. ‘ಗರ್ರ್...’ ಎಂಬುದು ಎಲ್ಲಿ ಆಗಬಹುದು ಎಂದು ಅವನು ಲೆಕ್ಕ ಹಾಕುತ್ತ ಕೂತ. ಇಷ್ಟು ದಿನ ಆ ಲೆಕ್ಕದಲ್ಲಿ ಕೊಟ್ರೇಶ ಒಬ್ಬನೇ ಇದ್ದ. ಈಗ ತಂಗಿ ಹತ್ತಿ ಕೂತಿದ್ದಳು.

ಸಂಜೆ ಪೂಜೆಗೆ ಊದುಬತ್ತಿ ಹಚ್ಚಿದ ನಾಗರಾಜ ಪಟದ ಹಿಂದಿನಿಂದ ಕಪ್ಪು ಡಬ್ಬಿ ತೆಗೆದ. ಅಂಗಡಿ ಮುಚ್ಚಿ ತನ್ನ ಗಾಡಿ ಹತ್ತಿದ. ತಂಗಿಯನ್ನು ನೋಡಲು ಬಂದೆ ಎಂದು ಹೇಳುವುದು, ಬೆಳಗಿನ ಜಾವ ಎಲ್ಲರೂ ಏಳುವ ಮೊದಲು ಚಕ್ರ ಬಿಚ್ಚಿ ಹಳದಿ ಒರೆಸಿ ಕಪ್ಪು ಹಚ್ಚುವುದು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಊರು ಇನ್ನೂ ದೂರ ಇರುವಾಗ ಅವನ ಗಾಡಿಯ ಚೈನು ‘ಫಟ್’ ಎಂದು ತುಂಡಾಯಿತು.

ಗಾಡಿಯನ್ನು ಮರಕ್ಕೆ ಒರಗಿಸಿ ನಡೆದ. ಕತ್ತಲೆ. ಬಗಲಲ್ಲಿ ಡಬ್ಬಿ. ಊರ ಬಾಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೆ ಸೇದುವ ಬಾವಿ. ಬಾವಿಯ ಗಡಗಡೆ ಎಣ್ಣೆ ಕಾಣದೆ ವರ್ಷಗಳಾಗಿದ್ದವು. ಅವನು ಹತ್ತಿರ ಬರುವಾಗ ಅದು ತಿರುಗುತ್ತಿತ್ತು. ‘ಕೀಂಯ್... ಕೀಂಯ್... ಕೀಂಯ್...’

ಈ ಹೊತ್ತಿಗೆ ನೀರು ಸೇದುವವರು ಯಾರು ಎಂದುಕೊಂಡ. ಮರ ದಾಟಿದ. ಬಾವಿಯ ಬಳಿ ಯಾರೂ ಇರಲಿಲ್ಲ. ಗಡಗಡೆಯಲ್ಲಿ ಹಗ್ಗವೂ ಇರಲಿಲ್ಲ.

ಗಾಳಿ ಇರಬೇಕು... ಅಂದುಕೊಂಡ. ಆಲದ ಎಲೆ ಅಲುಗಲಿಲ್ಲ.

ಕೊಟ್ರೇಶನ ಮನೆ ಕತ್ತಲಾಗಿತ್ತು. ಪಕ್ಕದ ಕೊಟ್ಟಿಗೆಯಲ್ಲಿ ಬುಡ್ಡಿ ದೀಪದ ಬೆಳಕು. ಗಾಡಿ ನಿಲ್ಲಿಸುತ್ತಿದ್ದುದು ಅಲ್ಲೇ. ಒಳಗಿನಿಂದ ಸಣ್ಣ ಸದ್ದು. ‘ಚರ್... ಚರ್... ಚರ್...’ ಅದು ನಾಗರಾಜನಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಹಲ್ಲಿನ ಸಂದಿಯಿಂದ ಹಳೆಯ ಗ್ರೀಸ್ ಕೆರೆಯುವ ಸದ್ದು.

ಇಣುಕಿದ. ಹಿಂದಿನ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿತ್ತು. ಇವನಿಗೆ ಬೆನ್ನು ಹಾಕಿ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಮೈಮೇಲೆ ಕಂಬಳಿ.

ಕೊಟ್ರೇಶನಿಗೆ ಯಾರೋ ಕಲಿಸಿಬಿಟ್ಟಿದ್ದಾರೆ ಎಂದುಕೊಂಡ ನಾಗರಾಜ. ಆ ಭಯದ ರಾತ್ರಿಯಲ್ಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ ಅಂತೆ. ಇದನ್ನು ಅವನೇ ಹೇಳಿದ.

“ಕೊಟ್ರೇಶ್ ಅವ್ರೇ...” ಪಿಸುಗುಟ್ಟಿದ. “ಇಷ್ಟ್ ಹೊತ್ನಾಗೆ ಏನ್ ಮಾಡ್ತಿದೀರಿ?”

‘ಚರ್... ಚರ್...’ ನಿಂತಿತು. ತಿರುಗಲಿಲ್ಲ. ಬಾಯಲ್ಲಿ ಏನೋ ಕಚ್ಚಿಕೊಂಡಂಥ ದನಿ.

“ತಂದ್ಯಾ?”

“...ತಂದೀನಿ.”

“ಯಾವ್ದು?”

“ಕಪ್ಪು.”

ಒಂದು ಕೈ ಹಿಂದಕ್ಕೆ ಚಾಚಿಕೊಂಡಿತು. ಅಂಗೈ ಮೇಲಾಗಿ.

“ಡಬ್ಬಿ ಕೊಡು.”

ನಾಗರಾಜ ಕೊಟ್ಟ. ಬೇರೆ ಏನು ಮಾಡಬೇಕೆಂದು ಅವನ ಕೈಗೆ ಗೊತ್ತಿರಲಿಲ್ಲ, ಅಷ್ಟು ವರ್ಷದ ಅಭ್ಯಾಸ. ಮುಚ್ಚಳ ‘ಟಪ್’ ಅಂತು. ಬುಡ್ಡಿ ದೀಪ ಒಮ್ಮೆ ಕುಣಿಯಿತು.

“ಹಳದಿ ಕೊಟ್ಯಲ್ಲ...” ಅಂತು ದನಿ. “ಅವನಿಗೆ.”

ಆ ಹಳದಿ ತಪ್ಪು ಎಂಬುದು ಭೂಮಿಯ ಮೇಲೆ ನಾಗರಾಜನೊಬ್ಬನಿಗೇ ಗೊತ್ತಿತ್ತು.

ಅಷ್ಟರಲ್ಲಿ ಮನೆಯ ಬಾಗಿಲು ‘ಧಡ್’ ಎಂದು ತೆರೆಯಿತು. ಕೊಟ್ರೇಶನ ತಾಯಿ ಹಾಲಮ್ಮ ಲಾಟೀನು ಹಿಡಿದು ಬಂದಳು. ಅವಳ ಹಿಂದೆ, ಬನಿಯನ್ನಿನಲ್ಲಿ, ನಿದ್ದೆಗಣ್ಣಿನಲ್ಲಿ... ಕೊಟ್ರೇಶ.

“ಅಯ್ಯ, ನಾಗರಾಜಪ್ಪ! ಕರೆ ಕಳಿಸ್ದಂಗೆ ಬಂದ್ಯಲ್ಲಪ್ಪ. ಮಾಲಾಗೆ ನೋವು ಸುರುವಾತು. ಗಾಡಿ ತೆಗೀರೋ!”

ನಾಗರಾಜ ಕೊಟ್ರೇಶನನ್ನು ನೋಡಿದ. ಕೊಟ್ಟಿಗೆಯತ್ತ ತಿರುಗಿದ. ದೀಪವಿಲ್ಲ. ಯಾರೂ ಇಲ್ಲ. ಲಾಟೀನಿನ ಬೆಳಕಿನಲ್ಲಿ ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು, ಚಕ್ರ ಗಾಡಿಯಲ್ಲೇ ಇತ್ತು.

“ಗಾಡಿ ಬ್ಯಾಡ,” ಅಂದ.

“ಬ್ಯಾಡ ಅಂದ್ರೆ? ನೀ ಹೊತ್ಕಂಡ್ ಹೋಗ್ತೀಯೇನು ತಂಗೀನ?” ಅಂದಳು ಹಾಲಮ್ಮ.

ಒಳಗಿನಿಂದ ಮಾಲಾ ನರಳಿದಳು. ನಾಗರಾಜನಿಗೆ ಬೇರೆ ದಾರಿ ಉಳಿಯಲಿಲ್ಲ. “ಕೊಟ್ರೇಶ್ ಅವ್ರೇ... ನಾ ಕೊಟ್ಟ ಗ್ರೀಸ್ ಸರಿಯಿಲ್ಲ. ಗೊತ್ತಿದ್ದೇ ಕೊಟ್ಟೆ. ಹಲ್ಲು ಹೋಗಿರ್ತದೆ. ನಡುದಾರಿಯಾಗೆ ನಿಲ್ತದೆ.”

ಕೊಟ್ರೇಶ ಗಾಡಿಯನ್ನು ಹೊರಗೆ ತಳ್ಳುತ್ತಲೇ ನಕ್ಕ. “ಯಾವ ಗ್ರೀಸ್ ರೀ? ಆ ಡಬ್ಬಿನಾ? ಅಟ್ಟದ ಮ್ಯಾಲೆ ಹಂಗೇ ಐತೆ. ನಾನ್ಯಾಕ್ ಚಕ್ರ ಬಿಚ್ಚಲಿ, ಕೂರ್ಸಕ್ ಬರಬೇಕಲ್ಲ?”

“ಬೆಣ್ಣೆ ಬೆಣ್ಣೆ ಅಂದ್ರಲ್ಲ!”

“ಪುಕ್ಕಟೆ ಕೊಟ್ಟೋರಿಗೆ ಇನ್ನೇನ್ರೀ ಅನ್ಲಿ?”

ಮಾವ ಸತ್ತ ಮೇಲೆ ಆ ಚಕ್ರವನ್ನು ಯಾರೂ ಬಿಚ್ಚಿರಲಿಲ್ಲ. ಹಾಗಿದ್ದರೆ ಹಲ್ಲು ಈ ಹೊತ್ತಿಗೆ ಒಣಗಿ ಪುಡಿಯಾಗಿರಬೇಕು. ನಾಗರಾಜ ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಂಜಿನ್ ಹತ್ತಿಕೊಂಡಿತ್ತು. ಮಾಲಾ ನಡುವೆ, ಹಾಲಮ್ಮ ಹಿಂದೆ. ಕೊಟ್ರೇಶ ಗೇರ್ ಹಾಕಿ ಕ್ಲಚ್ ಬಿಟ್ಟ. ನಾಗರಾಜ ಉಸಿರು ಹಿಡಿದ...

‘ಕಟಕ್’ ಅನ್ನಲಿಲ್ಲ.

‘ಡುಬ್... ಡುಬ್... ಡುಬ್...’ ಬಾವಿ ದಾಟಿತು. ಸೊರಬದ ರಸ್ತೆಗೆ ತಿರುಗಿತು. ಸದ್ದು ಪೂರ್ತಿ ಸಾಯುವವರೆಗೆ ನಾಗರಾಜ ಅಂಗಳದಲ್ಲಿ ನಿಂತಿದ್ದ. ಮಾಲಾಳ ದೊಡ್ಡ ಮಗಳು ಒಳಗೆ ಮಲಗಿದ್ದಳು, ಅವಳ ಕಾವಲಿಗೆ ಒಳಗೆ ಹೋಗಿ ಕೂತ. ಕೊಟ್ಟಿಗೆಯ ಕಡೆಗಿನ ಕಿಟಕಿ ಹಾಕಿಕೊಂಡ.

ಬೆಳಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಸುದ್ದಿ ಕೂಗಿ ಹೋದ. ಗಂಡು ಮಗು, ತಾಯಿ ಆರಾಮ. ಆಮೇಲೆ ನಾಗರಾಜ ಕೊಟ್ಟಿಗೆಗೆ ಹೋದ. ನೆಲ ಸ್ವಚ್ಛವಾಗಿತ್ತು. ಗೋಡೆಯ ಬದಿಗೆ ಒಂದು ಮುತ್ತುಗದ ಎಲೆ, ಅದರ ಮೇಲೆ ಒರೆಸಿ ಹಾಕಿದ ಹಳೆಯ ಕಪ್ಪು ಗ್ರೀಸ್. ಹುಬ್ಬಳ್ಳಿಯ ಡಬ್ಬಿ ಎಲ್ಲೂ ಇರಲಿಲ್ಲ.

ಕೊಟ್ರೇಶ ಕೋಪ ಮಾಡಿಕೊಳ್ಳಲಿಲ್ಲ. ಅದು ನಾಗರಾಜನಿಗೆ ಇನ್ನಷ್ಟು ಕಷ್ಟವಾಯಿತು. ನಾಲ್ಕು ವರ್ಷದ ಮೇಲೆ ಕೊಟ್ರೇಶ ಜೀಪು ಕೊಂಡ. ಜರ್ಮನಿಯ ಗಾಡಿಯನ್ನು ಪೇಟೆಗೆ ತಂದು ಅಂಗಡಿಯ ಮುಂದೆ ನಿಲ್ಲಿಸಿ, ಕೀಲಿಕೈ ಗಲ್ಲಾದ ಮೇಲಿಟ್ಟ. “ನಿಮಗೇ ಸೇರ್ಬೇಕಾದ್ದು ಭಾವ. ಎಷ್ಟು ದಿನ ಅಂತ ಬಾಗಿಲಾಗೆ ನಿಂತು ನೋಡ್ತೀರಿ?”

ಅವತ್ತೇ ನಾಗರಾಜ ಚಕ್ರ ಬಿಚ್ಚಿದ. ಜೀವಮಾನದಲ್ಲಿ ಮೊದಲ ಸಲ. ಹಲ್ಲು ಹೊಸದರಂತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹುಬ್ಬಳ್ಳಿಯಿಂದ ತರಿಸಿದ ಹೊಸ ಕಪ್ಪು ಗ್ರೀಸನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿದ. ಸರಿಯಾದ ಗ್ರೀಸ್, ಸರಿಯಾದ ಅಳತೆ. ಚಕ್ರ ಕೂರಿಸಿ, ಗಾಡಿಯನ್ನು ಅಂಗಡಿಯೊಳಗೆ ನಿಲ್ಲಿಸಿ, ಷಟರ್ ಎಳೆದು ಎರಡು ಬೀಗ ಹಾಕಿದ.

ಬೆಳಗ್ಗೆ ಬೀಗ ಹಾಕಿದಂತೆಯೇ ಇದ್ದವು. ಚಕ್ರ ಗಾಡಿಯಲ್ಲಿತ್ತು. ಪಕ್ಕದಲ್ಲಿ ನೆಲದ ಮೇಲೆ ಒಂದು ಮುತ್ತುಗದ ಎಲೆ, ಈಗ ಕಿತ್ತಂತೆ ಹಸಿಯಾಗಿತ್ತು. ಅವನು ಹಚ್ಚಿದ ಗ್ರೀಸ್ ಅಷ್ಟೂ ಅದರ ಮೇಲೆ ಗುಡ್ಡೆಯಾಗಿತ್ತು. ಚಕ್ರ ಬಿಚ್ಚಿ ನೋಡಿದರೆ ಹಲ್ಲಿಗೆ ಬೇರೆ ಗ್ರೀಸ್ ಹಚ್ಚಿತ್ತು, ಇವನದಕ್ಕಿಂತ ತೆಳ್ಳಗೆ. ನಾಗರಾಜ ಹಟ ಬಿಡದೆ ಮತ್ತೆ ಹಚ್ಚಿದ. ಮತ್ತೆ ಎಲೆ ಬಂತು. ಗಾಡಿಗೆ ಕೈ ಹಾಕದವನೇ ಮಾವನಿಗೆ ಯಾಕೆ ಬೇಕಾಗಿತ್ತು ಎಂಬುದು ನಾಗರಾಜನಿಗೆ ಆಗ ತಿಳಿಯಿತು. ಮಾವನ ಮೇಲೆ ಈಗ ಅವನಿಗೆ ಆಗುವ ಹೊಟ್ಟೆಕಿಚ್ಚು ಕೊಟ್ರೇಶನ ಮೇಲೆ ಎಂದೂ ಆಗಿರಲಿಲ್ಲವಂತೆ.

ನೀವು ನಂಬಬೇಕೆಂದು ನಾನು ಕೇಳುತ್ತಿಲ್ಲ. ಆ ಎಲೆಗಳಲ್ಲಿ ಎರಡನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ನಮ್ಮ ಪೇಟೆಯಲ್ಲಿ ಮುತ್ತುಗದ ಮರವಿಲ್ಲ.

ಗಾಡಿ ಈಗ ನಾಗರಾಜನ ಹೆಸರಿನಲ್ಲಿದೆ. ಅವನು ಚಕ್ರ ಬಿಚ್ಚುವುದನ್ನು ನಿಲ್ಲಿಸಿದ್ದಾನೆ. ಅಟ್ಟದ ಮೇಲಿದ್ದ ಹಳದಿ ಗ್ರೀಸನ್ನು ಹಾಲಮ್ಮ ಬಾವಿಯ ಗಡಗಡೆಗೆ ಬಳಿದಳು, ಅದು ಈಗ ಸದ್ದು ಮಾಡುವುದಿಲ್ಲ. ಕಪ್ಪು ಗ್ರೀಸಿನ ಡಬ್ಬಿ ಸಿಕ್ಕಿಲ್ಲ.