ಪರದೆ ಹಿಂದ ಹೋದ ರೊಟ್ಟಿ

...ಮತ್ತ ರೊಟ್ಟಿ ನೋಡಿದ್ರ ಸಾಕು, ಇದು ಯಾರ ಕೈಯಾಗ ಬಡದದ್ದು ಅಂತ ಹೇಳೂ ಹೆಣ್ಣಮಕ್ಕಳಿದ್ರು ಯಪ್ಪಾ ಆಗ. ನಮ್ಮತ್ತಿ ಅಂಥಾಕಿ. ನಮ್ಮತ್ತಿ ಅಂದ್ರ ನಿಮ್ಮ ಮುತ್ಯಾನ ಅವ್ವ, ನಿಮ್ಮಪ್ಪನ ಅಜ್ಜಿ, ನೀವು ನೋಡಿಲ್ಲ. ಎಪ್ಪತ್ತೆರಡರ ಬರಗಾಲ ಹ್ವಾದ ಮ್ಯಾಲಿನ ಮಾತಿದು. ನಾವು ಸಿಂದಗ್ಯಾಗ ಇದ್ವಿ, ಬಸ್ ಸ್ಟ್ಯಾಂಡಿನ ಹಿಂದ. ಇಲ್ಲ ಇಲ್ಲ, ಬಸ್ ಸ್ಟ್ಯಾಂಡಿನ ಹಿಂದಿನ ಮನಿ ಆಮ್ಯಾಲೆ ಹಿಡದದ್ದು, ಆಗ ಕಾಳು ಮಾರೂ ಅಡತಿ ಅಂಗಡಿ ಓಣ್ಯಾಗ ಇದ್ವಿ. ನಿಮ್ಮ ಮುತ್ಯಾ ಅಲ್ಲೇ ಹಮಾಲಿ ಮಾಡತಿದ್ದ. ತೊಗರಿ ಚೀಲ ಜಾರಿ ಕಾಲ ಮ್ಯಾಲೆ ಬಿತ್ತು ನೋಡ್ರಿ, ಎಲುಬು ಮುರೀತು. ಪಟ್ಟಿ ಕಟ್ಟಿಸ್ಕೊಂಡು ಹೊರಸಿನ ಮ್ಯಾಲೆ ಮಲಗಿದ್ದ. ಮನ್ಯಾಗ ದುಡ್ಯಾವರು ಯಾರೂ ಇಲ್ಲ, ನಿಮ್ಮಪ್ಪ ಇನ್ನ ತೊಟ್ಟಲದಾಗ. ಅಷ್ಟರಾಗ ಊರಿಗೆ ನಾಟಕ ಕಂಪನಿ ಬಂತು. ತಗಡ ಹೊಡದು ಥೇಟರ ಕಟ್ಟಿದ್ರು, ಹಿಂದ ಗೋಣಿ ತಟ್ಟು ಕಟ್ಟಿ ಅಡಗಿಮನಿ ಮಾಡಿದ್ರು. ಅವರಿಗೆ ರೊಟ್ಟಿ ಬಡದು ಕೊಡಾವರು ಬೇಕಾಗಿತ್ತು. ನಾ ಹ್ವಾದ್ನಿ. ಹುಟ್ಟಿದ ಮ್ಯಾಲೆ ಮೊದಲನೇ ನೌಕರಿ ಅದ ನಂದು. ದಿನಾ ಒಂದು ಬುಟ್ಟಿ ಖಡಕ ರೊಟ್ಟಿ, ಎಳ್ಳ ಹಚ್ಚಿ, ಮನ್ಯಾಗ ಬಡದು, ಬಿಳೆ ಅರಿವಿ ಮುಚ್ಚಿ ತಲಿ ಮ್ಯಾಲೆ ಹೊತ್ತು ಒಯ್ದು ಕೊಡೂದು. ಆ ಬುಟ್ಟಿ ಮ್ಯಾಲೆ ನಮ್ಮ ಸಂಸಾರ ನಡದಿತ್ತು ತಿಳೀತಿಲ್ಲೊ, ಅದು ನಿಂತ್ರ ನಮ್ಮ ಒಲಿ ನಿಂತಂಗ.

ಆ ಕಂಪನ್ಯಾಗ ಒಬ್ಬಾಂವ ಮಾಸ್ತರ ಇದ್ದ. ಸಾಲಿ ಮಾಸ್ತರ ಅಲ್ಲ, ನಾಟಕದ ದೊಡ್ಡ ನಟರಿಗೂ ಹಂಗ ಅಂತಿದ್ರು ಆಗ. ಕೆಟ್ಟ ಮನಷ್ಯಾನ ಪಾರ್ಟ ಅವಂದು. ಎಷ್ಟ ಹೆಸರು ಅಂತೀರಿ! ಮುದ್ದೇಬಿಹಾಳ ಕಡಿಂದ, ಬಾಗೇವಾಡಿ ಕಡಿಂದ ಚಕ್ಕಡಿ ಕಟ್ಟಿಕೊಂಡು ಬರತಿದ್ರು ಅವನ್ನ ನೋಡಾಕ. ಆತ ರಂಗದ ಮ್ಯಾಲೆ ಕಾಲಿಟ್ಟ ಅಂದ್ರ ಮುಂದ ಕುಂತ ಹೆಂಗಸರು ಕೂಸುಗೋಳ ಮಾರಿಗೆ ಸೆರಗ ಮುಚ್ಚತಿದ್ರು. ನಾ ದಿನಾ ರೊಟ್ಟಿ ಒಯ್ದು ಕೊಟ್ರೂ ಅವನ್ನ ಹತ್ರದಿಂದ ನೋಡಿರಲಿಲ್ಲ. ಅಡಗಿಯಾಂವನ ಕೈಯಾಗ ಬುಟ್ಟಿ ಕೊಡೂದು, ಬರೂದು.

ಸಂತಿ ದಿನ ಮಧ್ಯಾಹ್ನ ಹೆಣ್ಣಮಕ್ಕಳ ಸಲುವಾಗಿ ಒಂದು ಆಟ ಇಡತಿದ್ರು. ಕಂಪನಿ ಮ್ಯಾನೇಜರ ನನ್ನ ರೊಟ್ಟಿಗೆ ಖುಷಿಯಾಗಿ, "ಏ ಗಂಗವ್ವ, ಪಾಸ್ ತೊಗೋ, ನಿಮ್ಮತ್ತೀನೂ ಕರಕೊಂಡ ಬಾ" ಅಂದ. ನಮ್ಮತ್ತಿ ಜಲ್ಮದಾಗ ನಾಟಕ ನೋಡಿದಾಕಿ ಅಲ್ಲ. "ಬಣ್ಣ ಹಚ್ಚಿಕೊಂಡು ಕುಣ್ಯಾವ್ರನ್ನ ಏನ ನೋಡೂದು" ಅಂತ ಅಂದ್ಲು, ಅಂದ್ರೂ ಇಳಕಲ್ ಸೀರಿ ಉಟಗೊಂಡು ನನಗಿಂತ ಮೊದಲ ಹೊಸ್ತಿಲದಾಗ ನಿಂತಿದ್ಲು. ಮುಂದ, ತೀರಾ ಮುಂದ, ತಟ್ಟಿನ ಮ್ಯಾಲೆ ಕುಂತ್ವಿ.

ನಾಟಕದಾಗ ಏನಂದ್ರ, ಮಾಸ್ತರ ಒಬ್ಬ ಸಾವುಕಾರ. ಸತ್ತ ತಮ್ಮನ ಹೆಂಡ್ತಿ, ಬಸರ ಹೆಂಗಸು, ಒಂದು ಮೂಲ್ಯಾಗ ರೊಟ್ಟಿ ತಿನ್ನಾಕ ಕುಂತಿರತಾಳ. ಈತ ಬರತಾನ, ಮೀಸಿ ತಿರವತಾನ, "ನನ್ನ ಮನ್ಯಾಗ ಕುಂತು ತಿನ್ನಾಕ ನೀ ಯಾರು?" ಅಂತ ಗುಡಗತಾನ. ತಾಟ ಒದ್ದ ನೋಡ್ರಿ! ತಾಟ ಖಣ್ ಅಂತ ಒಂದು ಕಡೆ ಬಿತ್ತು, ರೊಟ್ಟಿ ಮಾತ್ರ ಗಾಲಿ ಉಳ್ಳಿದಂಗ ಉಳ್ಳಕೋತ, ಉಳ್ಳಕೋತ ನಮ್ಮ ಮುಂದ ದೀಪದ ಹತ್ರ ಬಂದು ಸುತ್ತಿ ಬಿತ್ತು. ಹೆಂಗಸರೆಲ್ಲಾ ಲೊಚ್ ಲೊಚ್ ಅಂದ್ರು. ನಮ್ಮತ್ತಿ ಮುಂದಕ್ಕ ಬಗ್ಗಿ ನೋಡಿದ್ಲು. ಆಮ್ಯಾಲೆ ಎದ್ದು ನಿಂತ್ಲು.

"ಏ! ಅದು ನಮ್ಮ ಒಲಿ ರೊಟ್ಟಿ!"

ನಾ ಸೆರಗ ಹಿಡದು ಜಗ್ಗಿದ್ನಿ. "ಅತ್ತಿ, ಕುಂದರ್ರಿ, ಮಂದಿ ನೋಡತಾರ."

"ನೋಡಲಿ! ಎಳ್ಳ ಹಚ್ಚಿದ್ದು ಕಾಣಂಗಿಲ್ಲೇನ ನಿನಗ? ನಿನ್ನ ಕೈ ರೊಟ್ಟಿ ಒದ್ದಾನ ಹಾಟ್ಯಾ!"

ಹಿಂದಿನ ಹೆಂಗಸರು "ಮುದುಕಿ, ಕುಂದರವಾ, ನಮಗ ಕಾಣವಲ್ದು" ಅಂತ ಒದರಿದ್ರು. ಹೆಂಗೋ ಕುಂದ್ರಿಸಿದ್ನಿ. ಮುಂದಿನ ನಾಟಕ ಏನಾತು ಅನ್ನೂದು ನನಗ ಇವತ್ತಿಗೂ ಗೊತ್ತಿಲ್ಲ, ನನ್ನ ಲಕ್ಷ್ಯ ಎಲ್ಲಾ ಅತ್ತಿ ಕಡೇ ಇತ್ತು. ಆಕಿ ತಪ್ಪೂ ಅಲ್ಲ ಬಿಡ್ರಿ. ಬರದಾಗ ರೇಶನ್ನಿನ ಕೆಂಪ ಜ್ವಾಳ ತಿಂದು, ಅದೂ ಸಿಗಲಾರದ ದಿನ ತೊಗರಿ ಹೊಟ್ಟು ಕುದಿಸಿ ಕುಡದ ಮಂದಿ ನಾವು. ರೊಟ್ಟಿ ಚೂರು ನೆಲಕ್ಕ ಬಿದ್ರ ಕಣ್ಣಿಗೆ ಒತ್ತಿಕೊಂಡು ತಿಂತಿದ್ಲು ಆಕಿ. ಅಂಥಾಕಿ ಮುಂದ ಇಂವ ಬೂಟಗಾಲಿಲೆ ಒದ್ರ?

ಆಟ ಮುಗೀತು, ಮಂದಿ ಮುಂದಿನ ಬಾಗಲದಿಂದ ಹೊಂಟ್ರ ನಮ್ಮತ್ತಿ ಹಿಂದಿನ ಬಾಗಲಕ್ಕ ಹೊಂಟ್ಲು. "ಇವತ್ತಿಗೆ ನಿನ್ನ ರೊಟ್ಟಿ ಬಂದ್. ಒದಿಸಾಕ ಬಡದು ಕೊಡೂದಿಲ್ಲ ಅಂತ ಅವನ ಮಾರಿ ಮ್ಯಾಲೆ ಹೇಳಿ ಬರತೇನಿ" ಅಂದ್ಲು. ಆ ಮಾಸ್ತರ ಒಂದು ಮಾತು ಅಂದ್ರ ಮ್ಯಾನೇಜರ ನಾಳಿಗೆ ಬ್ಯಾರೇದಾಕೀನ್ನ ಹುಡಕತಾನ. ಮನ್ಯಾಗ ಹೊರಸಿನ ಮ್ಯಾಲೆ ಮುರದ ಕಾಲು. "ಅತ್ತಿ, ಅದು ಖರೇ ಅಲ್ಲರಿ, ಪಾರ್ಟ ಅದು" ಅಂತ ಹಿಂದ ಹಿಂದ ಓಡಿದ್ನಿ. ಆಕಿ ತಿರುಗಿ, "ಪಾರ್ಟ ಸುಳ್ಳಿರಬಹುದು, ರೊಟ್ಟಿ ಖರೇ ಇತ್ತಿಲ್ಲೊ?" ಅಂದ್ಲು.

ಹಿಂದಿನ ಬಾಗಲ ಅಂದ್ರ ಬಾಗಲ ಏನಿಲ್ಲ, ತಗಡಿನ ನಡುವ ಒಂದು ತಟ್ಟಿನ ಪರದೆ. ಊರಾಗಿನ ಒಂದ ನಾಕ ಮಂದಿ ಗಂಡಸರು ಹಾರ ಹಿಡಕೊಂಡು ನಿಂತಿದ್ರು. ಪರದೆ ಸರೀತು, ಮಾಸ್ತರ ಬಂದ. ಅರ್ಧ ಮಾರಿ ಬಣ್ಣ ಒರಿಸಿದ್ದ, ಅರ್ಧ ಹಂಗ ಇತ್ತು. ಒಂದು ಮೀಸಿ ಐತಿ, ಒಂದಿಲ್ಲ. ರಂಗದ ಮ್ಯಾಲೆ ಎರಡ ಆಳೆತ್ತರ ಕಂಡಾಂವ ಇಲ್ಲಿ ನೋಡಿದ್ರ ನಿಮ್ಮ ಮುತ್ಯಾನ ಹೆಗಲಿಗೂ ಬರೂದಿಲ್ಲ, ಗಿಡ್ಡ. ಹಾರ ಹಾಕಾವರನ್ನ ಸರಿಸಿ ನಮ್ಮತ್ತಿ ಮುಂದ ನಿಂತ್ಲು.

"ಯಾಕೊ ತಮ್ಮಾ, ಹೊಟ್ಟಿಗೆ ಏನ ತಿಂತಿ ನೀ?"

ಆತ ನಕ್ಕ. "ಯಾಕವ್ವಾ, ಬಾಳ ಸಿಟ್ಟಾಗಿ? ನೀ ಸಿಟ್ಟಾದ್ರ ನನ್ನ ಪಾರ್ಟ ಕಟ್ಟಿತು ಅಂತ ತಿಳಿ."

"ನಿನ್ನ ಪಾರ್ಟಿಗೆ ಬೆಂಕಿ ಬೀಳಲಿ. ಇಕಿ ನನ್ನ ಸೊಸಿ. ನೀ ದಿನಾ ತಿನ್ನೂ ರೊಟ್ಟಿ ಇಕೀನ ಬಡಿತಾಳ. ನೀ ಒದ್ದದ್ದೂ ಅದನ್ನ. ನಾಳಿಂದ ಕೊಡೂದಿಲ್ಲ."

ಮ್ಯಾನೇಜರ ಬಂದು, "ಏ ಮುದುಕಿ, ಯಾರ ಜೋಡಿ ಮಾತಾಡಾಕತ್ತಿ ಗೊತ್ತೈತೇನ? ನೀ ಕೊಡದಿದ್ರ ಊರಾಗ ರೊಟ್ಟಿ ಬಡಿಯೂ ಕೈ ಇಲ್ಲೇನ?" ಅಂದ. ನನ್ನ ನೌಕರಿ ಮುಗೀತು ಅಂದಕೊಂಡ್ನಿ. ಹೌದ್ರಿ, ಅಲ್ಲಿಗೆ ಮುಗದ ಹೋಗಿತ್ತು. ಆದ್ರ ನಮ್ಮತ್ತಿ ಮ್ಯಾನೇಜರನ ಕಡೆ ನೋಡವಲ್ಲಳು, ಮಾಸ್ತರನ ಕಡೆ ನೋಡವಲ್ಲಳು, ಪರದೆ ಸಂದ್ಯಾಗ ಒಳಗ ನೋಡಾಕತ್ತಾಳ. ನಾನೂ ನೋಡಿದ್ನಿ. ಒಳಗ ಒಂದು ತಗಡಿನ ಟ್ರಂಕಿನ ಮ್ಯಾಲೆ ಆ ತಮ್ಮನ ಹೆಂಡ್ತಿ ಪಾರ್ಟ ಮಾಡಿದ ಹುಡುಗಿ ಕುಂತಿದ್ಲು. ಬಸರಿ ಆಗಾಕ ಕಟ್ಟಿದ ಅರಿವಿ ಗಂಟು ಬಿಚ್ಚಿ ಬಾಜೂಕ ಇಟ್ಟಿದ್ಲು. ಒದ್ದ ರೊಟ್ಟಿ ಆಕಿ ಕೈಯಾಗ. ಊಫ್ ಊಫ್ ಅಂತ ಮಣ್ಣ ಊದಿ, ಸೆರಗಲೆ ಒರಸಿ, ಮುರದು ಮುರದು ತಿನ್ನಾಕತ್ತಿದ್ಲು.

"ಏ ಮಗಳ, ಯಾಕ ಅದನ್ನ ತಿಂತಿ?" ಅಂದ್ಲು ಅತ್ತಿ.

ಹುಡುಗಿ ಗಾಬರಿಯಾಗಿ ರೊಟ್ಟಿ ಸೆರಗಿನ್ಯಾಗ ಮುಚ್ಚಿದ್ಲು. "ಏನಿಲ್ಲರಿ ಅಮ್ಮಾ. ಊಟಕ್ಕ ನಮ್ಮ ಪಾಳಿ ಕಡೀಕರಿ. ಒಮ್ಮೊಮ್ಮೆ ಬುಟ್ಟಿ ಖಾಲಿ ಆಗಿರತೈತಿ. ಇದು ಹೆಂಗೂ ಯಾರಿಗೂ ಬ್ಯಾಡಾಗಿರತೈತಿ."

ಮಾಸ್ತರ ತಿರುಗಿ ಹುಡುಗೀನ್ನ ನೋಡಿದ. ಆಮ್ಯಾಲೆ ಸಣ್ಣ ದನಿಲೆ, "ದಿನಾ ಒದಿತೇನಿ. ಎಲ್ಲಿ ಹೋಗತೈತಿ ಅಂತ ಒಮ್ಮೀನೂ ನೋಡಿಲ್ಲವ್ವಾ" ಅಂದ. ಮ್ಯಾನೇಜರಗ, "ಇವತ್ತಿಂದ ಹುಡುಗ್ಯಾರು ಉಂಡ ಮ್ಯಾಲೆ ನನ್ನ ತಾಟ" ಅಂದ. ನಮ್ಮತ್ತಿ ಅದಕ್ಕೇನ ಕರಗಲಿಲ್ಲ. "ಒದಿಯಾಕ ರಟ್ಟ ಕೊರದು ರೊಟ್ಟಿ ಮಾಡಿಸ್ಕೊ. ಬಣ್ಣ ಹಚ್ಚಾವ್ರು ನಿಮ್ಮಲ್ಲೇ ಅದಾರ" ಅಂದ್ಲು. ಆತ, "ಆಗಲೆವ್ವಾ, ಆದ್ರ ರಟ್ಟು ಹಿಂಗ ಉಳ್ಳೂದಿಲ್ಲ" ಅಂದ. ನಮ್ಮತ್ತಿಗೆ ನಗು ಬಂತು ಅನಸತೈತಿ, ಸೆರಗ ಬಾಯಿಗೆ ಹಿಡದು ತಿರುಗಿದ್ಲು. "ನಡಿಯವಾ, ಮುಂಜಾನಿಗೆ ಹಿಟ್ಟ ಐತೊ ಇಲ್ಲೊ ನೋಡೂನು" ಅಂದ್ಲು ನನಗ.

ಕಂಪನಿ ಇರೂತನಾ ರೊಟ್ಟಿ ಕೊಟ್ನಿ. ಆ ಹುಡುಗಿಗೆ ಅಂತ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಬ್ಯಾರೆ ಅರಿವ್ಯಾಗ ಕಟ್ಟಿ ಕೊಡತಿದ್ಲು ಅತ್ತಿ. ಆಮ್ಯಾಲೆ ಅವರು ಇಂಡಿಗೆ ಹ್ವಾದ್ರು, ನಿಮ್ಮ ಮುತ್ಯಾನ ಕಾಲೂ ಕೂಡ್ತು. ಇಂಡ್ಯಾಗ ಆ ಮಾಸ್ತರ ಯಾರಕಿಂತ ಮೊದಲ ಉಂಡ, ಯಾರಕಿಂತ ಹಿಂದ ಉಂಡ, ನನಗೇನ ಗೊತ್ತು. ನಮ್ಮ ಮನೀದು ಮಾತ್ರ ಗೊತ್ತೈತಿ. ಥೇಟರ ಹಿಂದ ಅಷ್ಟ ಜಗಳಾಡಿ ಬಂದ ದಿನ ಸಂಜಿಕ ಅತ್ತಿ ಉಂಡ್ಲು, ನಿಮ್ಮ ಮುತ್ಯಾ ಉಂಡ, ಸಂತಿಗೆ ಬಂದಿದ್ದ ಬೀಗರು ಉಂಡ್ರು, ನಾ ಕಡೀಕ ಬುಟ್ಟಿ ಕೊಡವಿ ಉಂಡ್ನಿ. ನಂದೂ ಕಡೀ ಪಾಳಿ ಅನ್ನೂದು ಅತ್ತಿಗೂ ಹೊಳೀಲಿಲ್ಲ, ಆವತ್ತ ನನಗೂ ಹೊಳೀಲಿಲ್ಲ. ಹಂಗ ಅದು, ಮಂದಿ ಮನ್ಯಾಗಿಂದು ಲಗೂನ ಕಾಣತೈತಿ. ಈಗ ನೀವು ಹೊಟ್ಟಿ ತುಂಬ ಉಂಡು ಬಂದು ಕಟ್ಟಿ ಮ್ಯಾಲೆ ಕುಂತೀರಿ. ನಿಮ್ಮವ್ವ ಉಂಡಾಳೇನು? ನನ್ನ ಮಾರಿ ಏನ ನೋಡತೀರಿ, ಎದ್ದು ಹೋಗಿ ಕೇಳ್ರಿ.